ಬರೆದವರೇ ಹೊತ್ತು ಮಾರಿದ ಕಾದಂಬರಿಗಳು

ಕಾದಂಬರಿ ಬರೆದವರೇ ಅಚ್ಚು ಹಾಕಿಸಿ, ಅವರೇ ಊರೂರಿಗೆ ಒಯ್ದು ಮಾರುವುದು ಕನ್ನಡಕ್ಕೆ ಹೊಸತಲ್ಲ. ಇವತ್ತು ಫೇಸ್‌ಬುಕ್ಕಿನಲ್ಲಿ ಮುಖಪುಟ ತೋರಿಸಿ, ವಾಟ್ಸಾಪಿನಲ್ಲಿ ವಿಳಾಸ ತರಿಸಿಕೊಂಡು, ಮನೆಯ ಪಡಸಾಲೆಯಲ್ಲೇ ಪಾರ್ಸಲ್ ಕಟ್ಟುವ ಲೇಖಕರನ್ನು ನೋಡಿ ಇದೆಲ್ಲ ಮೊಬೈಲು ಬಂದ ಮೇಲಿನ ಕಥೆ ಅಂದುಕೊಳ್ಳುವವರಿದ್ದಾರೆ. ಆದರೆ ಕನ್ನಡ ಕಾದಂಬರಿ ಈ ನೆಲದಲ್ಲಿ ಬೇರು ಬಿಟ್ಟದ್ದೇ ಈ ದಾರಿಯಿಂದ. ಅದನ್ನು ಬೆಳೆಸಿದ ದೊಡ್ಡವರಲ್ಲಿ ಅನೇಕರು ತಮ್ಮ ಪುಸ್ತಕಕ್ಕೆ ತಾವೇ ಪ್ರಕಾಶಕರಾಗಿದ್ದರು, ಕರಡು ತಿದ್ದುವವರೂ ಅವರೇ, ಮಾರಾಟಗಾರರೂ ಅವರೇ.

ಆ ಸಾಲಿನಲ್ಲಿ ಮೊದಲು ನೆನೆಯಬೇಕಾದವರು ಗಳಗನಾಥರು. ವರದಾ ನದಿ ತುಂಗಭದ್ರೆಯನ್ನು ಕೂಡುವ ಜಾಗದಲ್ಲಿ, ಹಾವೇರಿ ಸೀಮೆಯಲ್ಲಿ, ಗಳಗನಾಥ ಎಂಬ ಊರಿದೆ. 1869ರಲ್ಲಿ ಅಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿ ಧಾರವಾಡದಲ್ಲಿ ಓದಿ ಶಾಲಾ ಮಾಸ್ತರರಾದರು. ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಬರೆದರು. ಆಗ ಆ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿ, ಶಾಲೆ, ವ್ಯವಹಾರ ಎಲ್ಲದರಲ್ಲೂ ಮರಾಠಿಯ ಪ್ರಭಾವ. ಮನೆಯಲ್ಲಿ ಕನ್ನಡ ಮಾತಾಡುವವರು ಕೂಡ ಕಥೆ ಓದಬೇಕೆಂದರೆ ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡದ್ದು ಇಂಥ ಸ್ಥಿತಿಯಲ್ಲೇ. ಗಳಗನಾಥರ 'ಪ್ರಬುದ್ಧ ಪದ್ಮನಯನೆ' 1898ರ ಹೊತ್ತಿಗೆ ಬಂತು. ಬರೆಯುವುದಕ್ಕೆ ಅವರಿಗೆ ಕಷ್ಟವಿರಲಿಲ್ಲ. ಓದುವವರನ್ನು ಎಲ್ಲಿಂದ ತರುವುದು ಎಂಬುದೇ ಅವರ ಮುಂದಿದ್ದ ಪ್ರಶ್ನೆ.

ಇವತ್ತಿನ ಅರ್ಥದ ಪ್ರಕಾಶಕರು ಆಗ ಇರಲಿಲ್ಲವೆಂದೇ ಹೇಳಬೇಕು. ಇದ್ದದ್ದು ಮುದ್ರಣಾಲಯ. ಅದು ಕಾಗದದ ದುಡ್ಡು, ಕೂಲಿ ಕೊಟ್ಟವರಿಗೆ ಪಂಚಾಂಗವನ್ನೂ ಅಚ್ಚು ಹಾಕಿಕೊಡುತ್ತಿತ್ತು, ಲಗ್ನಪತ್ರಿಕೆಯನ್ನೂ ಕಾದಂಬರಿಯನ್ನೂ. ಆ ಕಾಲದಲ್ಲಿ ಒಂದು ಕನ್ನಡ ಪುಸ್ತಕ ಅಚ್ಚಾಗುವುದೆಂದರೆ ಏನು ಎಂದು ಕೊಂಚ ನಿಂತು ನೋಡಬೇಕು. ಸೀಸದ ಮೊಳೆಗಳನ್ನು ಒಂದೊಂದಾಗಿ ಗೂಡಿನಿಂದ ಆರಿಸಿ ಸಾಲು ಜೋಡಿಸಬೇಕು. ಇಂಗ್ಲಿಷಿಗಾದರೆ ಸಣ್ಣದು ದೊಡ್ಡದು ಸೇರಿ ಐವತ್ತೆರಡು ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಜೋಡಿಸುವವನ ಕೈ ಹಲವು ಗೂಡುಗಳಿಗೆ ಹೋಗಿ ಬರಬೇಕು. ಯಾವ ಮುದ್ರಣಾಲಯದಲ್ಲೂ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆ ಇರುತ್ತಿರಲಿಲ್ಲ. ಎಂಟು ಪುಟವೋ ಹದಿನಾರು ಪುಟವೋ ಕಟ್ಟಿ, ಕರಡು ತೆಗೆದು, ತಿದ್ದಿ, ಅಷ್ಟನ್ನು ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಗೂಡಿಗೆ ತುಂಬಿ, ಆಮೇಲೆ ಮುಂದಿನ ಫಾರಂ.

ಇದರಿಂದ ಲೇಖಕರ ಮೇಲೆ ಬಿದ್ದ ಹೊರೆ ಸಣ್ಣದಲ್ಲ. ಮೊಳೆ ಬಿಚ್ಚಿದ ಮೇಲೆ ಆ ಪುಟ ಹೋಯಿತು. ಇನ್ನು ನೂರು ಪ್ರತಿ ಬೇಕೆಂದರೆ ಮೊದಲಿನಿಂದ ಜೋಡಿಸಬೇಕು. ಆದ್ದರಿಂದ ಹಾಕಿಸುವಾಗಲೇ ಸಾವಿರ ಪ್ರತಿ ಹಾಕಿಸುವುದು ವಾಡಿಕೆಯಾಯಿತು. ಸಾವಿರ ಪ್ರತಿ ಹಾಕಿಸಿದರೆ ಸಾವಿರ ಪ್ರತಿಯ ದುಡ್ಡು ಮೊದಲೇ ಸುರಿಯಬೇಕು, ಸಾವಿರ ಪ್ರತಿಯನ್ನು ಮಳೆ, ಗೆದ್ದಲು, ಇಲಿಗಳಿಂದ ಕಾಯಬೇಕು, ಸಾವಿರ ಜನರನ್ನು ಹುಡುಕಬೇಕು. ಕನ್ನಡ ಲೇಖಕರು ಬೀದಿಗಿಳಿದದ್ದಕ್ಕೆ ನಾಡುನುಡಿಯ ಅಭಿಮಾನ ಎಷ್ಟು ಕಾರಣವೋ ಮನೆಯ ಮೂಲೆಯಲ್ಲಿ ಕೂತ ಆ ಕಟ್ಟುಗಳೂ ಅಷ್ಟೇ ಕಾರಣ.

ಗಳಗನಾಥರು ಪುಸ್ತಕದ ಹೊರೆಯನ್ನು ತಲೆಯ ಮೇಲೆ ಹೊತ್ತು ಹಳ್ಳಿಹಳ್ಳಿ ತಿರುಗಿ ಮಾರಿದರು. ಈ ಮಾತನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಅವರ ಬಡತನದ, ತ್ಯಾಗದ ಗುರುತಾಗಿ ಹೇಳುತ್ತ ಬಂದಿವೆ. ಅದು ನಿಜವೇ. ಆದರೆ ಅದರಲ್ಲಿ ವ್ಯವಹಾರದ ಒಂದು ತಿಳಿವಳಿಕೆಯೂ ಇತ್ತು. ಹಳ್ಳಿಯಲ್ಲಿ ಪುಸ್ತಕದ ಅಂಗಡಿ ಇಲ್ಲ. ಪುಸ್ತಕಕ್ಕೆಂದು ಪೇಟೆಗೆ ಹೋಗುವ ರೂಢಿ ಜನರಿಗೆ ಇಲ್ಲ. ಓದು ಬಲ್ಲವರು ಓಣಿಗೆ ಒಬ್ಬಿಬ್ಬರು, ಆದರೆ ಒಬ್ಬರು ಓದಿದರೆ ಕೇಳುವವರು ಹತ್ತು ಮಂದಿ. ಆ ಒಬ್ಬರನ್ನು ಮುಟ್ಟಬೇಕಾದರೆ ಅವರ ಕಟ್ಟೆಗೇ ಹೋಗಬೇಕು. ಕಥೆ ಬರೆದವರೇ ಎದುರು ಕೂತು ಕಥೆಯ ಎಳೆ ಹೇಳಿದರೆ, ಪುಸ್ತಕ ಕೊಳ್ಳುವುದನ್ನೇ ಅರಿಯದ ಮನೆಯೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಪುರಾಣ, ಪಂಚಾಂಗ ಬಿಟ್ಟರೆ ಮೊದಲು ಬಂದ ಪುಸ್ತಕ ಹೀಗೆ ಬಂದದ್ದು.

ಅವರ ಇನ್ನೊಂದು ಆಸರೆ ಪತ್ರಿಕೆ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಗೆ ಗಳಗನಾಥರು ಜೀವಾಳವಾಗಿದ್ದರು. ಆಮೇಲೆ ಹಾವೇರಿಯಿಂದ 'ಸದ್ಗುರು' ನಡೆಸಿದರು. ಧರ್ಮಬೋಧೆಯ ಜೊತೆಗೆ ಕಥೆಯನ್ನೂ ಕೊಟ್ಟ ಪತ್ರಿಕೆ ಅದು. ಪತ್ರಿಕೆಗೆ ಚಂದಾದಾರರಿರುತ್ತಾರೆ, ಚಂದಾದಾರರಿಗೆ ಹೆಸರು, ಊರು, ಅಂಚೆ ವಿಳಾಸ ಇರುತ್ತದೆ. ಆ ಹೆಸರಿನ ಪಟ್ಟಿ ಕೈಯಲ್ಲಿದ್ದ ಲೇಖಕನಿಗೆ ಮುಂದಿನ ಕಾದಂಬರಿ ಯಾರು ಕೊಳ್ಳುತ್ತಾರೆಂದು ಅಚ್ಚಿಗೆ ಕೊಡುವ ಮೊದಲೇ ಅಂದಾಜು ಸಿಗುತ್ತಿತ್ತು. ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ಶುರು ಮಾಡಿತ್ತು, 1880ರಿಂದ ಮನಿಯಾರ್ಡರ್ ಬಂದಿತ್ತು. ಪುಸ್ತಕದ ಕಟ್ಟು ಅಂಚೆಯವನ ಕೈಯಲ್ಲಿ ಹೋಗುತ್ತದೆ, ಮನೆಯವರು ಅವನಿಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳುತ್ತಾರೆ, ಆ ದುಡ್ಡು ಲೇಖಕರಿಗೆ ಬಂದು ಸೇರುತ್ತದೆ. ನಡುವೆ ಅಂಗಡಿಯೂ ಇಲ್ಲ, ದಲ್ಲಾಳಿಯೂ ಇಲ್ಲ. ಮನೆ ಬಾಗಿಲಲ್ಲಿ ದುಡ್ಡು ಕೊಟ್ಟು ವಸ್ತು ತೆಗೆದುಕೊಳ್ಳುವ ಇವತ್ತಿನ ಪದ್ಧತಿಯನ್ನು ಹಳ್ಳಿಯ ಕನ್ನಡಿಗರು ನೂರು ವರ್ಷದ ಕೆಳಗೇ ಪುಸ್ತಕದ ನೆಪದಲ್ಲಿ ಕಲಿತಿದ್ದರು.

'ಮಾಧವ ಕರುಣಾ ವಿಲಾಸ', 'ಕುಮುದಿನಿ', ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯಿಂದ ಬಂದ 'ಕನ್ನಡಿಗರ ಕರ್ಮಕಥೆ' ಎಲ್ಲವೂ ಈ ದಾರಿಯಲ್ಲೇ ಓದುಗರ ಮನೆ ಸೇರಿದವು. 1942ರಲ್ಲಿ ಗಳಗನಾಥರು ತೀರಿಕೊಳ್ಳುವ ವೇಳೆಗೆ ಉತ್ತರ ಕರ್ನಾಟಕದಲ್ಲಿ ಕನ್ನಡ ಕಾದಂಬರಿಗೆ ಒಂದು ಓದುವ ಬಳಗ ಸಿದ್ಧವಾಗಿತ್ತು. ಮುಂದೆ ಬಂದವರೆಲ್ಲ ಆ ಬಳಗದ ಫಲ ಉಂಡರು.

ಮೈಸೂರು ಸೀಮೆಯಲ್ಲಿ ಇದೇ ಹೊತ್ತಿಗೆ ನಡೆದ ಇನ್ನೊಂದು ಸಾಹಸಕ್ಕೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಬ್ರಾಹ್ಮಣ ಮನೆಯ ವಿಧವೆಗೆ ಹೊಸ್ತಿಲು ದಾಟುವುದೇ ಕಷ್ಟ. ತಂದೆ ಒತ್ತಾಸೆಯಾಗಿ ನಿಂತರು, ಆಕೆ ಮನೆಯಲ್ಲೇ ಓದಿದರು, ಬರೆದರು. 1913ರ 'ಸುಶೀಲೆ' ಹೊಸಗನ್ನಡದಲ್ಲಿ ಮಹಿಳೆ ಬರೆದ ಮೊದಲ ಕಾದಂಬರಿ ಎಂದು ಹೆಸರಾಗಿದೆ. ಬರೆದದ್ದಷ್ಟೇ ಅಲ್ಲ, 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಕಟ್ಟಿ ಅದರಲ್ಲಿ ತಮ್ಮ ಕಾದಂಬರಿ, ನಾಟಕಗಳನ್ನು ತಂದರು, ಬೇರೆಯವರ ಪುಸ್ತಕಗಳಿಗೂ ಜಾಗ ಕೊಟ್ಟರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಮಹಿಳೆಯ ಸಂಪಾದಕತ್ವದಲ್ಲಿ ಬಂದ ಕನ್ನಡದ ಮೊದಮೊದಲ ಪತ್ರಿಕೆಗಳಲ್ಲಿ ಅದೂ ಒಂದು.

ಗಳಗನಾಥರ ಹಾಗೆ ತಿರುಮಲಾಂಬ ಊರೂರು ನಡೆದು ಮಾರುವಂತಿರಲಿಲ್ಲ. ಅವರ ಪರವಾಗಿ ನಡೆದಾಡಿದ್ದು ಗ್ರಂಥಮಾಲೆ ಮತ್ತು ಪತ್ರಿಕೆ. ಪುಸ್ತಕದ ಮೇಲೆ ಮಾಲೆಯ ಹೆಸರಿದ್ದರೆ ಓದುಗರು ಮುಂದಿನದನ್ನು ಕಾಯುತ್ತಾರೆ, ಒಂದು ಪುಸ್ತಕ ಇನ್ನೊಂದನ್ನು ಮಾರುತ್ತದೆ. ಓದು ಕಲಿಯುತ್ತಿದ್ದ ಹೆಣ್ಣುಮಕ್ಕಳು ತಮ್ಮ ಓದುಗರು ಎಂದು ಗುರುತಿಸಿಕೊಂಡು, ಅವರಿಗೆಂದೇ ಬರೆದು, ಅವರ ಕೈಗೇ ತಲುಪಿಸಿದ ಕೆಲಸ ಅದು. ಇವತ್ತು ಹಣ ಕೊಟ್ಟು ಕಲಿಯುವ ಮಾರುಕಟ್ಟೆಯ ಪಾಠದ ಮೊದಲ ಅಧ್ಯಾಯವೇ ಇದು. ನಂಜನಗೂಡಿನ ಒಂದು ಮನೆಯಲ್ಲಿ ಕೂತು ಯಾರೂ ಹೇಳಿಕೊಡದೆ ಆಕೆ ಅದನ್ನು ಕಂಡುಕೊಂಡರು. ಮುಂದೆ ಸಾಹಿತ್ಯದ ಅಭಿರುಚಿ ಬದಲಾಗಿ ಅವರ ಬರವಣಿಗೆಯನ್ನು ವಿಮರ್ಶಕರು ಬದಿಗಿಟ್ಟರು, ಅವರೂ ಬರವಣಿಗೆಯಿಂದ ದೂರವಾದರು. 1982ರವರೆಗೂ ಬದುಕಿದ್ದ ಅವರನ್ನು ಬಹುಕಾಲ ಕನ್ನಡ ಲೋಕ ಮರೆತೇ ಇತ್ತು. ವಿಮರ್ಶೆಯ ತಕ್ಕಡಿಯಲ್ಲಿ 'ಸುಶೀಲೆ' ಎಷ್ಟು ತೂಗುತ್ತದೆ ಎಂಬುದು ಬೇರೆ ಮಾತು. ಪ್ರಕಾಶಕಿಯಾಗಿ ತಿರುಮಲಾಂಬರ ತೂಕ ದೊಡ್ಡದು.

ಶಿವರಾಮ ಕಾರಂತರು ಸ್ವಂತ ಪ್ರಕಟಣೆಯನ್ನು ಬದುಕಿನ ಕ್ರಮವಾಗಿಯೇ ಮಾಡಿಕೊಂಡವರು. 1920ರ ದಶಕದಲ್ಲಿ 'ವಸಂತ' ಎಂಬ ಮಾಸಪತ್ರಿಕೆ ನಡೆಸಿದರು, ಆರಂಭದ ಕಾದಂಬರಿಗಳಿಗೆ ಅದೇ ಆಸರೆ. ಮುಂದೆ ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ತೆರೆದರು. ಮಗ ಹರ್ಷನ ಹೆಸರು ಹೊತ್ತ ಪ್ರಕಾಶನದಿಂದ ಪುಸ್ತಕಗಳು ಬಂದವು. ಬರೆಯುವವರು ಅವರು, ಬೇಕಾದ ಕಡೆ ಚಿತ್ರ ಬಿಡಿಸುವವರು ಅವರು, ಅಚ್ಚಿನ ಮನೆಯ ಕೆಲಸ ನೋಡುವವರೂ ಅವರೇ. ಮಕ್ಕಳಿಗಾಗಿ 1936ರಲ್ಲಿ ತಂದ ಮೂರು ಸಂಪುಟಗಳ 'ಬಾಲಪ್ರಪಂಚ' ಕನ್ನಡಕ್ಕೆ ದೊಡ್ಡ ಕೊಡುಗೆ, ಅವರ ಕಿಸೆಗೆ ದೊಡ್ಡ ಹೊರೆ. ಆದರೂ ಅವರು ಕೈಬಿಡಲಿಲ್ಲ. ಕಾರಂತರು ಯಾರ ಮುಲಾಜಿಗೂ ಒಳಗಾಗದೆ ಬರೆದರು ಎಂದು ನಾವು ಮೆಚ್ಚುತ್ತೇವೆ. ಆ ನಿಲುವಿನ ಹಿಂದೆ ತನ್ನ ಮಾತನ್ನು ತಾನೇ ಅಚ್ಚು ಹಾಕಿಕೊಳ್ಳಬಲ್ಲ ಒಂದು ಯಂತ್ರವೂ ಪುತ್ತೂರಿನಲ್ಲಿ ಓಡುತ್ತಿತ್ತು ಎಂಬುದನ್ನು ಮರೆಯಬಾರದು.

ಮಾಸ್ತಿಯವರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ 'ಜೀವನ' ಪತ್ರಿಕೆಯನ್ನು ವಹಿಸಿಕೊಂಡು ಎರಡು ದಶಕ ನಡೆಸಿದರು. ಅವರ ಪುಸ್ತಕಗಳು ಜೀವನ ಕಾರ್ಯಾಲಯದ ಹೆಸರಿನಲ್ಲಿ ಬಂದವು. ಕುವೆಂಪು ಅವರ ಮೈಸೂರಿನ ಮನೆಯ ಹೆಸರು ಉದಯರವಿ, ಅವರ ಪುಸ್ತಕಗಳನ್ನು ತಂದ ಪ್ರಕಾಶನದ ಹೆಸರೂ ಅದೇ. ಮುಂದೆ ಜ್ಞಾನಪೀಠ ಪಡೆದ ಈ ಮೂವರೂ ತಮ್ಮ ಪುಸ್ತಕದ ಲಗಾಮನ್ನು ಮನೆಯಲ್ಲೇ ಹಿಡಿದಿದ್ದರು. ಸ್ವಂತ ಪ್ರಕಟಣೆ ಅಂದರೆ ಬೇರೆ ಪ್ರಕಾಶಕರು ಬೇಡವೆಂದ ಪುಸ್ತಕ ಎಂಬ ಅಭಿಪ್ರಾಯ ಕೆಲವು ಭಾಷೆಗಳಲ್ಲಿದೆ. ಕನ್ನಡದಲ್ಲಿ ಆ ಅಭಿಪ್ರಾಯಕ್ಕೆ ಆಧಾರವೇ ಇಲ್ಲ.

ಧಾರವಾಡದ ಜಿ.ಬಿ. ಜೋಶಿಯವರು ಲೇಖಕರೂ ಹೌದು, 'ಜಡಭರತ' ಎಂಬ ಹೆಸರಿನ ನಾಟಕಕಾರರು. ಆದರೆ ಅವರು ತಮ್ಮೊಬ್ಬರ ಪುಸ್ತಕಕ್ಕೆ ನಿಲ್ಲದೆ 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಪುಸ್ತಕ ಅಚ್ಚು ಹಾಕಿ ಓದುಗರನ್ನು ಹುಡುಕುವ ಕ್ರಮವನ್ನು ಅವರು ತಿರುಗಿಸಿದರು: ಮೊದಲು ವರ್ಷದ ಚಂದಾ, ಆಮೇಲೆ ಪುಸ್ತಕ. ಚಂದಾದಾರರನ್ನು ಕೂಡಿಸಲು ಅವರು ಸುತ್ತಿದ ಊರುಗಳಿಗೆ ಲೆಕ್ಕವಿಲ್ಲ. ಈ ನಂಬಿಕೆಯ ದುಡ್ಡಿನ ಬಲದಿಂದಲೇ ಮಾಲೆ ಹೊಸಬರ ಮೇಲೆ ಧೈರ್ಯ ಮಾಡಿತು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ, ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಅಲ್ಲಿಂದಲೇ ಬಂದವು. ಬಿಡಿ ಪ್ರತಿಯ ಮಾರಾಟವನ್ನೇ ನಂಬಿದ್ದರೆ 'ಸಂಸ್ಕಾರ'ದಂಥ ಕಾದಂಬರಿಗೆ ಕೈ ಹಾಕಲು ಯಾರೇ ಆದರೂ ಎರಡು ಸಲ ಯೋಚಿಸುತ್ತಿದ್ದರು.

1950ರ ನಂತರದ ಎರಡು ಮೂರು ದಶಕ ಕನ್ನಡ ಕಾದಂಬರಿಯ ಸುಗ್ಗಿ. ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಬರವಣಿಗೆಯಿಂದಲೇ ಬದುಕಬಹುದು ಎಂದು ತೋರಿಸಿದರು. ತ್ರಿವೇಣಿ, ತರಾಸು ಅವರ ಪುಸ್ತಕಗಳಿಗೆ ಮನೆಮನೆಯಲ್ಲಿ ಓದುಗರಿದ್ದರು. ಬಡಾವಣೆಗೊಂದು ಬಾಡಿಗೆ ಗ್ರಂಥಾಲಯ ಬಂತು. ದಿನಕ್ಕೆ ಇಷ್ಟು ಪೈಸೆ ಕೊಟ್ಟು ಕಾದಂಬರಿ ಒಯ್ದು, ಮನೆಯವರೆಲ್ಲ ಸರದಿಯಲ್ಲಿ ಓದಿ ಮರಳಿಸುವುದು ಆಗಿನ ಮಧ್ಯಮ ವರ್ಗದ ರೂಢಿ. ಅದರಿಂದ ಓದು ಹಬ್ಬಿತು. ಕೊಂಡು ಓದುವ ರೂಢಿ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಪ್ರಕಾಶಕರ ಮನೆಗಳು ಬಲಗೊಂಡವು, ಲೇಖಕರು ಹಸ್ತಪ್ರತಿ ಕೊಟ್ಟು ಸಂಭಾವನೆ ಪಡೆಯುವವರಾದರು.

ಇದಾದ ಮೇಲೆ ಬಂದದ್ದು ಸಗಟು ಖರೀದಿಯ ಕಾಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಆಸರೆಯಲ್ಲಿ ರಾಜ್ಯದ ಉದ್ದಗಲಕ್ಕೂ ಗ್ರಂಥಾಲಯಗಳು ಹುಟ್ಟಿದವು, ಅವುಗಳಿಗೆ ಇಲಾಖೆ ಪುಸ್ತಕ ಕೊಳ್ಳತೊಡಗಿತು. ಆಯ್ಕೆಯಾದರೆ ಒಮ್ಮೆಗೇ ನೂರಾರು ಪ್ರತಿ ಹೋಗುತ್ತದೆ, ಅಚ್ಚಿನ ಖರ್ಚು ಹುಟ್ಟುತ್ತದೆ. ಕೈಯಿಂದ ದುಡ್ಡು ಹಾಕಿ ಪುಸ್ತಕ ತಂದ ಸಣ್ಣ ಊರಿನ ಎಷ್ಟೋ ಲೇಖಕರನ್ನು ಈ ಖರೀದಿ ಉಳಿಸಿದೆ. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಕೇಡೂ ಆಯಿತು. ಬೆಲೆಯನ್ನು ಪುಟದ ಲೆಕ್ಕದಲ್ಲಿ ಕಟ್ಟುವ ಪದ್ಧತಿ ಬಂದಾಗ ಪುಸ್ತಕದ ಆಕಾರ, ಪುಟ, ಬೆಲೆ ಎಲ್ಲವನ್ನೂ ಆ ಲೆಕ್ಕಕ್ಕೆ ಹೊಂದಿಸುವ ಚಾಳಿ ಬೆಳೆಯಿತು. ಬಿಲ್ಲು ಕೈಸೇರಲು ಕಾಯಬೇಕಾದ ಸಂಕಟ ಬೇರೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಗಳಗನಾಥರ ಹೊತ್ತಿನಿಂದ ಲೇಖಕರ ಕೈಯಲ್ಲಿದ್ದ ಓದುಗರ ವಿಳಾಸದ ಪಟ್ಟಿ ಕಳೆದುಹೋಯಿತು. ಪುಸ್ತಕ ಯಾರು ಓದಿದರೆಂದು ಬರೆದವರಿಗೆ ತಿಳಿಯದ ಸ್ಥಿತಿ ಬಂತು.

ಆ ಕೊಂಡಿಯನ್ನು ಮತ್ತೆ ಬೆಸೆದವರೂ ಇದ್ದಾರೆ. ಪಿ. ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದೆ, ಓದುಗರ ದುಡ್ಡಿನಲ್ಲೇ ನಡೆಯುವ ವಾರಪತ್ರಿಕೆ ತಂದರು, ಅದರ ಬೆನ್ನಿಗೇ ಪುಸ್ತಕ ಪ್ರಕಾಶನವನ್ನೂ ನಡೆಸಿದರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಆ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂತು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ, ಮುಸ್ಲಿಂ ಹೆಣ್ಣುಮಗಳ ತಲಾಖಿನ ನೋವನ್ನು ಬರೆದದ್ದಕ್ಕೆ ಕಟು ವಿರೋಧ ಎದುರಿಸಿದರು, ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಕಟ್ಟಿ ಪುಸ್ತಕಗಳನ್ನು ತಾವೇ ತಂದರು. ಮೊದಲ ಕಾದಂಬರಿಯಲ್ಲಿ ಹರಿದ ಹೊಳೆಯ ಹೆಸರೇ ಪ್ರಕಾಶನಕ್ಕೂ ಬಂತು. ತಿರುಮಲಾಂಬರ 'ಸತೀ ಹಿತೈಷಿಣೀ'ಗೂ ಈ 'ಚಂದ್ರಗಿರಿ'ಗೂ ನಡುವೆ ಮುಕ್ಕಾಲು ಶತಮಾನ ಕಳೆದಿದೆ. ಕಾಲ, ಸಮಾಜ, ಬರವಣಿಗೆ ಎಲ್ಲ ಬೇರೆ. ಆದರೆ ಇಬ್ಬರೂ ತಮ್ಮ ಮಾತು ಹೊರಬರಲು ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಕಾಗದಂತೆ ಮಾಡಿಕೊಂಡರು.

ಇಷ್ಟರಲ್ಲಿ ಸೀಸದ ಮೊಳೆಯ ಕಾಲ ಮುಗಿದಿತ್ತು. ಆಫ್‌ಸೆಟ್ ಬಂತು, ಡಿಟಿಪಿ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದ ಮೇಲೆ ಲೇಖಕರೇ ತಮ್ಮ ಕಾದಂಬರಿಯನ್ನು ಮನೆಯ ಕಂಪ್ಯೂಟರಿನಲ್ಲಿ ಕುಟ್ಟಿಕೊಳ್ಳುವಂತಾಯಿತು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರ್, ಕನ್ನಡ ತಂತ್ರಾಂಶ, ಪುಟವಿನ್ಯಾಸಗಳಲ್ಲಿ ಮುಳುಗಿದ್ದು ಹವ್ಯಾಸಕ್ಕಷ್ಟೇ ಆಗಿರಲಿಲ್ಲ. ಪುಸ್ತಕ ಹೇಗೆ ಕಾಣಬೇಕೆಂಬುದೂ ಬರೆದವರ ಹೊಣೆ ಎಂದು ಅವರು ನಂಬಿದ್ದರು.

2000ದ ದಶಕದಲ್ಲಿ ವಸುಧೇಂದ್ರ ಅವರು ಛಂದ ಪುಸ್ತಕ ಶುರು ಮಾಡಿದರು. ಸಂಡೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವರು. ತಮ್ಮ ಪುಸ್ತಕಗಳ ಜೊತೆಗೆ, ಇನ್ನೂ ಒಂದೂ ಸಂಕಲನ ಬಾರದ ಕಥೆಗಾರರಿಂದ ಹಸ್ತಪ್ರತಿ ಕರೆದು, ಆರಿಸಿದ್ದಕ್ಕೆ ಬಹುಮಾನ ಕೊಟ್ಟು ಪ್ರಕಟಿಸುವ ಪದ್ಧತಿ ಇಟ್ಟರು. ಸಲಿಂಗಕಾಮಿಯ ಬದುಕನ್ನು ಹೇಳುವ 'ಮೋಹನಸ್ವಾಮಿ' 2013ರಲ್ಲಿ, ಐತಿಹಾಸಿಕ ಕಾದಂಬರಿ 'ತೇಜೋ ತುಂಗಭದ್ರಾ' 2019ರಲ್ಲಿ ಛಂದದಿಂದಲೇ ಬಂದವು. 'ತೇಜೋ ತುಂಗಭದ್ರಾ'ದ ಗೆಲುವು, ದಪ್ಪ ಕಾದಂಬರಿಯನ್ನು ಕನ್ನಡಿಗರು ಕೊಂಡು ಓದುವುದಿಲ್ಲ ಎಂಬ ಮಾತನ್ನು ಸುಳ್ಳು ಮಾಡಿತು. ಕಥೆಯಲ್ಲಿ ಹುರುಳಿರಬೇಕು, ಪುಸ್ತಕ ಚೆನ್ನಾಗಿ ಅಚ್ಚಾಗಿರಬೇಕು, ಕೇಳಿದ ದಿನ ಸಿಗಬೇಕು. ಇಷ್ಟಿದ್ದರೆ ಓದುಗರು ಬರುತ್ತಾರೆ.

ತಂತ್ರಜ್ಞಾನ ಎಲ್ಲವನ್ನೂ ಸಲೀಸು ಮಾಡಿದೆ ಎನ್ನುವಂತಿಲ್ಲ. ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಸೌಲಭ್ಯ ಬಂದು, ಸಾವಿರ ಪ್ರತಿಯ ಹೊರೆ ಇಳಿದಿದೆ ನಿಜ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದಲೇ ಈ ಕೆಲಸದಲ್ಲಿದೆ. ಆದರೆ ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ತಮಿಳಿನ ಹೊಸ ಲೇಖಕರಿಗೆ ತೆರೆದ ಬಾಗಿಲು ಅದೇ ಹೊತ್ತಿಗೆ ಕನ್ನಡದವರಿಗೆ ತೆರೆಯಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದವರೇ ಕಟ್ಟಿದ ಇ-ಪುಸ್ತಕ, ಕೇಳುಪುಸ್ತಕದ ವೇದಿಕೆಗಳು ಹುಟ್ಟಿದ್ದು ಈ ಕೊರತೆಯ ನಡುವೆ. ಬೇರೆಯವರು ಮಾಡಿಕೊಡದಿದ್ದಾಗ ತಾವೇ ಮಾಡಿಕೊಳ್ಳುವುದು ಇಲ್ಲಿಯ ಹಳೆಯ ಜಾಯಮಾನ.

ಇವತ್ತು ಸ್ವಂತವಾಗಿ ಪುಸ್ತಕ ತರುವ ಕನ್ನಡ ಲೇಖಕರಿಗೆ ಅಚ್ಚು ಹಾಕಿಸುವುದು ಕಷ್ಟವಲ್ಲ, ಒಳ್ಳೆಯ ಕರಡು ತಿದ್ದುವವರು ಸಿಗುವುದು ಕಷ್ಟ. ಮುಖಪುಟ ಮಾಡಿಸುವುದು ಸುಲಭ, ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಪುಸ್ತಕ ಇಡಿಸಿ ದುಡ್ಡು ವಸೂಲು ಮಾಡುವುದು ಸುಲಭವಲ್ಲ. ಅಂಗಡಿಯ ಕಮಿಷನ್ನು, ಸಾಗಣೆ ಕಳೆದರೆ ಬರೆದವರಿಗೆ ಉಳಿಯುವುದು ಅಲ್ಪ. ಅದಕ್ಕೇ ಅವರು ನೇರವಾಗಿ ಓದುಗರ ಹತ್ತಿರ ಬರುತ್ತಾರೆ, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ತಾವೇ ನಿಲ್ಲುತ್ತಾರೆ, ಬಿಡುಗಡೆಗೆ ಮೊದಲೇ ಮುಂಗಡ ಕೇಳುತ್ತಾರೆ. ಇದನ್ನು ಕಂಡು ಮುಜುಗರಪಡುವವರು, ಲೇಖಕರಾದವರು ಹೀಗೆ ಮಾರಬಾರದು ಎನ್ನುವವರು ಕಾರಂತರ ಮುದ್ರಣಾಲಯವನ್ನೂ ಜೋಶಿಯವರ ಚಂದಾಪುಸ್ತಕವನ್ನೂ ಒಮ್ಮೆ ನೆನೆಯಲಿ. ಹೊಸ ಕಾದಂಬರಿಯೊಂದಕ್ಕೆ ಲೇಖಕರು ಮುಂಗಡ ಕೇಳಿದರೆ, ಆ ಬರಹದಲ್ಲಿ ನಿಮಗೆ ನಂಬಿಕೆಯಿದ್ದರೆ, ಗೌರವಪ್ರತಿಗೆ ಕಾಯದೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಓದಿದ ಮೇಲೆ ಹೇಗಿತ್ತೆಂದು ಅವರಿಗೆ ನಾಲ್ಕು ಸಾಲು ಬರೆಯಿರಿ.